ಒಂಟಿ ಚಪ್ಪಲಿಯ ನುಜ್ಹತ್

ಎರಡು ಹೆಜ್ಜೆ ಹಾಕಿ ಒಂದು ಕ್ಷಣ ತಡೆಯುವುದು ನುಜ್ಹತಳ ನಡಿಗೆ. ಶಿರಸಿಯ ಬಸ್ ನಿಲ್ದಾಣದಲ್ಲಿ ಇಳಿದು ನಮ್ಮ ಚಪ್ಪಲಿ ಅಂಗಡಿಯ ಏರನ್ನು ಹತ್ತಿ ಬರುವ ಅವಳನ್ನು ಮೊದಲ ಸಲ ಕಂಡವರು, ಪಾಪ, ಇಷ್ಟು ಎಳೆಯ ಪ್ರಾಯದಲ್ಲಿ ಕಾಲಿಗೇನೋ ಊನವಾಗಿದೆ ಎಂದು ಮರುಗಿ ದಾರಿ ಬಿಡುತ್ತಾರೆ. ಊನವೇನೂ ಇಲ್ಲ. ಬಸ್ಸು ಹೊರಟುಬಿಟ್ಟಿದ್ದರೆ ಓಡಿಹೋಗಿ ಹತ್ತುವಷ್ಟು ಗಟ್ಟಿಯಾದ ಕಾಲುಗಳು ಅವು. ಆದರೆ ನಡೆಯುವುದನ್ನು ಅವಳು ಕಲಿತದ್ದು ಊರುಗೋಲಿನ ಪಕ್ಕದಲ್ಲಿ. ತಂದೆ ಖಾಜಾ ಹುಸೇನರು ಯಲ್ಲಾಪುರದಲ್ಲಿ ಮರದ ದಿಮ್ಮಿ ಸಾಗಿಸುವ ನಾಟಾ ಲಾರಿ ಓಡಿಸುತ್ತಿದ್ದವರು. ಅಂಕೋಲೆಯತ್ತ ಇಳಿಯುವ ಘಟ್ಟದಲ್ಲಿ ಲಾರಿ ಮಗುಚಿ ಅವರ ಬಲಗಾಲು ಹೋದಾಗ ಮಗಳಿಗೆ ಇನ್ನೂ ಹೆಜ್ಜೆ ಮೂಡಿರಲಿಲ್ಲ. ಕೋಲುಗಳನ್ನು ಮುಂದಕ್ಕೆ ಊರಿ, ಮೈಯನ್ನು ತೂಗಿ ತಂದು, ಒಂದು ಉಸಿರು ತೆಗೆದುಕೊಂಡು ಮತ್ತೆ ಊರುವ ಆ ನಡಿಗೆಯ ಜೊತೆಗೆ ಅಂಗಿಯ ಚುಂಗು ಹಿಡಿದು ಸಾಗಿದ ಕೂಸು, ಆ ತಡೆಯೂ ನಡಿಗೆಯ ಒಂದು ಭಾಗವೆಂದೇ ತಿಳಿದು ಮೈಗೂಡಿಸಿಕೊಂಡಿತು. ಈಗ ಒಬ್ಬಳೇ ಹೋಗುವಾಗಲೂ, ಯಾರೋ ಸ್ವಲ್ಪ ಹಿಂದುಳಿದಿದ್ದಾರೆ, ಬರಲಿ, ಎಂಬಂತೆ ಅವಳು ನಿಲ್ಲುತ್ತಾಳೆ.

ಮೈಮೇಲೆ ಸದಾ ಒಂದು ಖಾಕಿ ಅಂಗಿ. ಚೂಡಿದಾರದ ಮೇಲೆ ಅದನ್ನು ಕೋಟಿನಂತೆ ತೊಟ್ಟು, ತೋಳುಗಳನ್ನು ಮೊಣಕೈವರೆಗೆ ಮಡಚಿ, ತಲೆಯ ಮೇಲೆ ದುಪಟ್ಟಾ ಎಳೆದುಕೊಂಡರೆ ಅವಳ ಅಲಂಕಾರ ಮುಗಿಯಿತು. ತಂದೆಯ ಲಾರಿಯ ಕಾಲದ ಅಂಗಿ ಅದು. ಕೊರಳಪಟ್ಟಿ ಸವೆದು ಬಿಳಿಯ ಎಳೆಗಳು ಹೊರಬಿದ್ದಿವೆ. ಕಿಸೆಯಲ್ಲಿ ಅಳತೆಯ ಟೇಪು. ಎದುರಿಗೆ ಬಂದವರು ಯಾರೇ ಆಗಲಿ, ಅವಳ ಕಣ್ಣು ಮೊದಲು ಬೀಳುವುದು ಅವರ ಪಾದದ ಮೇಲೆ, ಮುಖವೆಲ್ಲ ಆಮೇಲೆ. ಗಿರಾಕಿ ಹೊಸಿಲಿನಾಚೆ ಚಪ್ಪಲಿ ಕಳಚುವಷ್ಟರಲ್ಲಿ, ಎಡಪಾದ ಒಂದು ನೂಲು ಉದ್ದ, ಬಲಗಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೇರಿದೆ ಎಂದು ಅವಳು ಕಂಡಿರುತ್ತಾಳೆ, ಕಂಡದ್ದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿರುತ್ತಾಳೆ.

ಇನ್ನು ಮಾತಿನಲ್ಲಿ ಒಂದು ಪ್ರಶ್ನೆ, ಎಲ್ಲದಕ್ಕೂ ಅದೇ. "ಇಲ್ಲದಿದ್ರೆ?" ನಾಳೆ ಬೆಳಿಗ್ಗೆಯ ಬಸ್ಸಿಗೆ ಬಾ ಎಂದರೆ, "ಬರ್ತೀನಿ. ಬಸ್ಸು ಇಲ್ಲದಿದ್ರೆ?" ಹಾಲು ತರಿಸಿ ಚಹಾ ಮಾಡೋಣವೇ ಎಂದು ನಾನು ಕೇಳಿದರೆ, "ಮಾಡೋಣ ಅಜ್ಜಿ. ಹಾಲು ಇಲ್ಲದಿದ್ರೆ?" ಹಿಂದಿನ ಕೋಣೆಯಲ್ಲಿ ಅಟ್ಟೆ ಕತ್ತರಿಸುವ ಜಟ್ಟಪ್ಪ ಅವಳಿಗೆ ಇಟ್ಟ ಹೆಸರೇ ಇಲ್ದಿದ್ರಮ್ಮ. ಏರಿನಲ್ಲಿ ಖಾಕಿ ಕಂಡಿತೋ ಇಲ್ಲವೋ, "ಬಂತು ನೋಡಕ್ಕಾ, ಇಲ್ದಿದ್ರಮ್ಮನ ಸವಾರಿ. ಚಹಾ ಇಡು, ಇಲ್ದಿದ್ರೆ ನಿಂಗೂ ಇಲ್ಲ ನಂಗೂ ಇಲ್ಲ" ಎಂದು ಕೂಗುತ್ತಾನೆ. ಅವಳು ನಗುವುದು ಕಡಿಮೆ. ನಕ್ಕರೆ ಕಣ್ಣು ಕೆಳಗೆ ಮಾಡಿ, ನಮ್ಮ ಪಾದಗಳಿಗೇ ಹೇಳುವಂತೆ ನಗುತ್ತಾಳೆ.

ಅಂಗಡಿ ಶಿವಲಿಂಗಪ್ಪನವರದು. ಹಾವೇರಿಯ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆನಿಂತ ಗಟ್ಟಿ ಕುಳ. ಟಯರಿನ ಅಟ್ಟೆ ಹಾಕಿದ, ಪಾಚಿಗಟ್ಟಿದ ಕಲ್ಲಿನ ಮೇಲೂ ಜಾರದ ನಮ್ಮ ಚಪ್ಪಲಿಗೆ ಸಿದ್ದಾಪುರ, ಯಲ್ಲಾಪುರದವರೆಗೂ ಹೆಸರಿದೆ. ಜಟ್ಟಪ್ಪ ಹೊಲಿಯುತ್ತಾನೆ, ನಾನು ಪಟ್ಟಿಗೆ ಅಂಟು ಹಚ್ಚಿ, ಒಣಗಿಸಿ, ಪೆಟ್ಟಿಗೆಗೆ ತುಂಬುತ್ತೇನೆ. ಮೊಬೈಲಿನೊಳಗೂ ಒಂದು ಅಂಗಡಿ ಇಡಬೇಕೆಂಬ ಹಂಬಲ ಸಾಹುಕಾರರಿಗೆ ಹತ್ತಿದಾಗ, ಅದನ್ನು ಕಟ್ಟಿಕೊಡಲು ಬಂದವಳು ನುಜ್ಹತ್. ನಮ್ಮ ಕೋಣೆಯ ಮೂಲೆಯಲ್ಲಿ, ಚರ್ಮದ ತುಂಡುಗಳನ್ನು ಆಚೆ ಸರಿಸಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು.

ಅವಳ ಕೆಲಸವೇನೆಂದು ಕೇಳಿದರೆ ಕೈಬಿಡುವು ಮಾಡಿಕೊಂಡು ಹೇಳುತ್ತಿದ್ದಳು. "ಇದು ಹೊಲಿದಿಟ್ಟ ರವಿಕೆ ಇದ್ದಂಗೆ ಅಜ್ಜಿ. ಅಂಗಡಿ ಇಡೋದಕ್ಕೆ ಬೇಕಾದ್ದನ್ನೆಲ್ಲ ಯಾರೋ ಮೊದಲೇ ಹೊಲಿದಿಟ್ಟಿದಾರೆ. ನಮ್ಮ ಮೈಗೆ ಕೂರೋ ಹಾಗೆ ಅಲ್ಲಲ್ಲಿ ಬಿಚ್ಚಿ ಹೊಲ್ಕೋಬೇಕು, ಅಷ್ಟೆ." ಆ ಸಿದ್ಧ ಅಂಗಡಿಯೊಳಗೆ ಪ್ರತಿ ಸಾಮಾನಿಗೂ ಒಂದು ಅಚ್ಚು ಇರುತ್ತದಂತೆ. ಮೇಲೆ ಸಾಮಾನಿನ ಹೆಸರು; ಅದರ ಕೆಳಗೆ ಬಣ್ಣ, ಅಳತೆ. ಕಂದು ಬಣ್ಣದ ಏಳನೇ ನಂಬರು ಒಂದು ಬಗೆ, ಕಪ್ಪಿನ ಎಂಟನೇ ನಂಬರು ಇನ್ನೊಂದು ಬಗೆ. ಅಂಗಿಗೂ ಅದೇ ಅಚ್ಚು, ಪಾತ್ರೆಗೂ ಅದೇ, ಚಪ್ಪಲಿಗೂ ಅದೇ. ಕಿರಾಣಿಯವನಿಗಾದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತಿತ್ತೇನೋ. ಇವಳು ಅಲ್ಲೇ ತಡೆದು ನಿಂತಳು.

"ಇವರ ಲೆಕ್ಕದಲ್ಲಿ ಚಪ್ಪಲಿ ಅಂದ್ರೆ ಜೋಡಿ. ಜೋಡಿ ಒಳಗೆ ಎರಡು ಕಾಲಿದೆ ಅನ್ನೋದೇ ಈ ಅಚ್ಚಿಗೆ ಗೊತ್ತಿಲ್ಲ ನೋಡಿ," ಎಂದಳು. ಎಡದ್ದು ಒಂದು ಸಾಮಾನು, ಬಲದ್ದು ಇನ್ನೊಂದು; ಎರಡಕ್ಕೂ ಬೇರೆ ಬೇರೆ ಅಳತೆ, ಕೋಣೆಯಲ್ಲಿ ಎಷ್ಟು ಉಳಿದಿದೆ ಎಂಬ ಎಣಿಕೆಯೂ ಬೇರೆ ಬೇರೆ; ಗಿರಾಕಿ ಎರಡನ್ನೂ ಆರಿಸಿದ ಮೇಲೆ ಅವು ಜೋಡಿ. ಹೀಗೆ ಅಚ್ಚನ್ನೇ ಬಿಚ್ಚಿ ಹೊಸದಾಗಿ ಹೊಲಿಯುತ್ತೇನೆಂದಳು. ಒಂದೊಂದು ಕಾಲಿನ ಅಳತೆಗಳ ಸಾಲಿನ ಕೊನೆಯಲ್ಲಿ ಇನ್ನೂ ಒಂದು ಮಾತು ಸೇರಿಸಬೇಕೆಂದಳು: "ಬೇಡ."

ಶಿವಲಿಂಗಪ್ಪನವರು ಹೊರಗಿನ ಗಲ್ಲಾ ಬಿಟ್ಟು ಒಳಗೆ ಬಂದರು. "ಅಲ್ಲವಾ ತಂಗಿ, ಚಪ್ಪಲಿ ಅಂದ್ರ ಜೋಡಾ. ಗಂಡ ಹೆಂಡ್ತಿ ಬಿಡಿಸಿದಂಗ ಅದನ್ನ ಬಿಡಿಸಿ ಮಾರೂದಂದ್ರ ಹೆಂಗ? ಒಂಟಿ ಉಳದದ್ದನ್ನ ನಾ ತಲೀ ಮ್ಯಾಲೆ ಇಟ್ಕೊಳ್ಳೇನು?"

"ಒಂದೇ ಕಾಲು ಇರೋರಿಗೆ ಏನು ಮಾಡ್ಬೇಕು ಸಾವ್ಕಾರ್ರೇ?"

"ಅಂಥಾವ್ರು ಫೋನ್ ಮಾಡ್ಲಿ. ಕೆಳಗೊಂದು ಸಾಲು ಬರೀ, ಫೋನ್ ಮಾಡ್ರಿ, ಪುಕ್ಕಟೆ ಕಳಸ್ತೀವಿ ಅಂತ. ನಮಗೂ ಪುಣ್ಯ ಬರ್ತದ."

ನುಜ್ಹತ್ ಎದ್ದು ನಿಂತಳು. ದನಿ ಏರಲಿಲ್ಲ. "ಕೇಳೋಕಾಗೋರು ಕೇಳ್ತಾರೆ. ಕೇಳೋಕೆ ಮನಸ್ಸೇ ಇಲ್ಲದಿದ್ರೆ?"

ಸಾಹುಕಾರರು ಅವಳ ಮುಖವನ್ನೂ, ಆಮೇಲೆ ಯಾಕೋ ತಮ್ಮ ಕಾಲುಗಳನ್ನೂ ನೋಡಿಕೊಂಡರು. "ಮಾಡು," ಎಂದರು ಕೊನೆಗೆ. "ಆದ್ರ ನನ್ನ ಜೋಡಾಕ್ಕ ಏನರ ಧಕ್ಕೆ ಆತು ಅಂದ್ರ, ಅವತ್ತ ತಗದ್ ಒಗಸ್ತೀನಿ. ಆಮ್ಯಾಲೆ ಅಳಬಾರ್ದು."

ಅವಳೇಕೆ ಇಷ್ಟು ಹಟ ಹಿಡಿದಳೆಂಬುದು ಮುಂದೊಂದು ದಿನ, ಅಂಟು ಒಣಗಲೆಂದು ಕಾಯುತ್ತ ಕೂತಾಗ ತಿಳಿಯಿತು. ಕಾಲು ಹೋದ ಮೇಲೂ ಖಾಜಾ ಹುಸೇನರು ವರ್ಷ ವರ್ಷ ಚಪ್ಪಲಿ ಕೊಂಡರು, ಜೋಡಿಯಾಗಿಯೇ. ಎಡಗಾಲಿನದು ಸವೆದು ಹೋಗುತ್ತಿತ್ತು. ಬಲಗಾಲಿನದು ಹೊಸದಾಗಿಯೇ ಮಂಚದ ಕೆಳಗೆ ಸೇರುತ್ತಿತ್ತು. ಎಸೆಯಲು ಅವರು ಬಿಡಲಿಲ್ಲ. ಹೆಂಡತಿ ರಹಿಮತ್ಬಿ ಶುಕ್ರವಾರಕ್ಕೊಮ್ಮೆ ಆ ಸಾಲನ್ನು ಎಳೆದು, ಧೂಳು ಒರೆಸಿ, ಮತ್ತೆ ಒಳಗೆ ತಳ್ಳುತ್ತಿದ್ದರು. ಕೊನೆಗೊಂದು ವರ್ಷ, "ಮಂಚದ ಕೆಳಗೆ ಜಾಗ ಮುಗೀತು, ಇನ್ನು ಸಾಕು" ಎಂದು ನಗೆಯಾಡಿ ಖಾಜಾ ಹುಸೇನರು ಚಪ್ಪಲಿ ಕೊಳ್ಳುವುದನ್ನೇ ಬಿಟ್ಟರು. ಬರಿಗಾಲಿನಲ್ಲಿ ಹೆದ್ದಾರಿಯ ಡಾಂಬರು ತುಳಿಯಲಾರದೆ ಹೊರಗಿನ ಓಡಾಟ ಕಡಿಮೆಯಾಯಿತು, ಮಸೀದಿಗೆ ಹೋಗುವುದು ನಿಂತಿತು, ಜಗುಲಿಯೇ ಊರಾಯಿತು.

"ಎಂತಾ ಹುಡ್ಗಿ ಮಾರಾಯ್ತಿ ನೀನು," ಎಂದ ಜಟ್ಟಪ್ಪ. "ಅಳತೆ ಹೇಳು. ನಾಳೆನೇ ಒಂದು ಹೊಲಿದು ಕೊಡ್ತೆ. ತಗೊಂಡ್ ಹೋಗು."

"ಒಂದ್ಸಲ ಹಾಗೇ ಹೊಲಿಸಿ ತಗೊಂಡೋಗಿದ್ದೆ ಮಾಮ. ಬೇರೆ ಅಂಗಡೀಲಿ. ಅಬ್ಬಾ ತಿರುಗಿಸಿ ನೋಡಿದ್ರು, ಚೆನ್ನಾಗಿದೆ ಅಂದ್ರು, ಮಂಚದ ಕೆಳಗೆ ತಳ್ಳಿದ್ರು." ಕಿಸೆಯ ಟೇಪನ್ನು ತೆಗೆದು ಸುತ್ತುತ್ತ ಅಂದಳು: "ಮರುಗಿ ಕೊಟ್ಟಿದ್ದನ್ನ ಅವರು ಮೆಟ್ಟಲ್ಲ. ಎಲ್ಲರಂಗೆ ಅಂಗಡೀಲಿ ಇರ್ಬೇಕು, ಅದಕ್ಕೊಂದು ಬೆಲೆ ಇರ್ಬೇಕು, ಅವರೇ ನೋಡಿ ಆರಿಸ್ಬೇಕು."

ಆಗ ನನಗೆ ಆ "ಬೇಡ" ಎಂಬ ಪದದ ತೂಕ ಅರ್ಥವಾಯಿತು. ಅವಳು ಮಾರಲು ಹೊರಟಿದ್ದ ಸರಕಿನಲ್ಲಿ ಚರ್ಮವೂ ಟಯರೂ ಇದ್ದವು ನಿಜ. ಅವುಗಳ ಜೊತೆಗೆ ಯಾರೆದುರೂ ಬಾಯಿ ತೆರೆಯದೆ ಇರುವ ಒಂದು ಅವಕಾಶವೂ ಇತ್ತು.

ಮೊಬೈಲಿನ ಅಂಗಡಿ ತೆರೆಯಿತು. ತೆರೆದ ಮಾರನೆಯ ದಿನವೇ ರಹಿಮತ್ಬಿಗೆ ಜ್ವರ ಬಂದು ನುಜ್ಹತ್ ಒಂದು ವಾರ ಮನೆಯಲ್ಲೇ ಉಳಿದಳು. ಆರ್ಡರು ಬಂದಂತೆಲ್ಲ, ಮೂಲೆಯಲ್ಲಿ ಅವಳು ಜೋಡಿಸಿಟ್ಟಿದ್ದ ಅಚ್ಚುಹಾಕುವ ಯಂತ್ರ ತಾನೇ ಚೀಟಿ ಕಕ್ಕುತ್ತಿತ್ತು. ನನಗೆ ಇಂಗ್ಲಿಷ್ ಬಾರದೆಂದು ಅವಳು ಚೀಟಿಯಲ್ಲಿ ಕನ್ನಡದಲ್ಲೇ ಎಡ, ಬಲ ಎಂದು ಬರುವ ಹಾಗೆ ಮಾಡಿಟ್ಟಿದ್ದಳು. ಮೊದಲ ಚೀಟಿ: ಎಡ ಏಳು, ಬಲ ಬೇಡ. ಎರಡನೆಯದು: ಎಡ ಎಂಟು, ಬಲ ಬೇಡ. ಅದರ ಮುಂದಿನದೂ ಹಾಗೆಯೇ, ಅದರ ಮುಂದಿನದೂ.

ಜಟ್ಟಪ್ಪ ಉಳಿ ಕೆಳಗಿಟ್ಟ. "ಅಕ್ಕಾ, ಈ ದೇಶದಲ್ಲಿ ಇಷ್ಟ್ ಜನಕ್ಕೆ ಬಲಗಾಲಿಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು."

ನನಗೂ ಗೊತ್ತಿರಲಿಲ್ಲ. ಹುಡುಗಿ ಹೇಳಿದ್ದು ಎಷ್ಟು ಸತ್ಯವೆಂದು ನಾವಿಬ್ಬರೂ ಬೆರಗಾದೆವು. ಯಂತ್ರವನ್ನಾಗಲಿ ಅವಳನ್ನಾಗಲಿ ಅನುಮಾನಿಸಬೇಕೆಂದು ನಮಗೆ ಹೊಳೆಯಲೇ ಇಲ್ಲ. ಲಾರಿಗೆ ಸಿಕ್ಕವರೋ, ಮರ ಬಿದ್ದವರೋ, ಸಕ್ಕರೆ ಕಾಯಿಲೆಯವರೋ, ಎಷ್ಟು ದಿನದಿಂದ ಕಾದಿದ್ದರೋ ಎಂದುಕೊಳ್ಳುತ್ತ ಜಟ್ಟಪ್ಪ ಒಂದೊಂದು ಎಡಗಾಲಿಗೂ ಎಂದೂ ಇಲ್ಲದ ಒಂದು ಸುತ್ತು ಹೆಚ್ಚಿನ ಹೊಲಿಗೆ ಹಾಕಿದ. ಒಂಟಿ ಚಪ್ಪಲಿ ಪೆಟ್ಟಿಗೆಯಲ್ಲಿ ಉರುಳಾಡಬಾರದೆಂದು ನಾನು ಖಾಲಿ ಜಾಗಕ್ಕೆ ಹಳೆಯ ಕಾಗದವನ್ನು ಮೆತ್ತಗೆ ಮಡಚಿ ಇಟ್ಟೆ. ಆ ಕೆಲಸ ಮಾಡುವಾಗ ಕೋಣೆಯಲ್ಲಿ ನಾವು ಗಟ್ಟಿಯಾಗಿ ಮಾತೂ ಆಡಲಿಲ್ಲ. ಹೊರಗೆ ಶಿವಲಿಂಗಪ್ಪನವರು ಪೆಟ್ಟಿಗೆಗಳು ಹೋಗುವುದನ್ನು ಕಂಡು, ವ್ಯಾಪಾರ ಕುದುರಿತೆಂದು ಮೀಸೆ ತಿರುವುತ್ತಿದ್ದರು.

ಪೆಟ್ಟಿಗೆಗಳು ಊರೂರು ತಲುಪಿದಂತೆ ಫೋನುಗಳು ಶುರುವಾದವು. ಇನ್ನೊಂದು ಕಾಲಿನದು ಎಲ್ಲಿ? ನಿಮ್ಮ ಅಂಗಡಿಯವರಿಗೆ ತಲೆ ನೆಟ್ಟಗಿದೆಯೇ? ಬೆಲೆ ಅರ್ಧ ತೋರಿಸಿದ್ದು ಹೊಸ ಅಂಗಡಿಯ ರಿಯಾಯಿತಿ ಎಂದು ಜನ ತಿಳಿದಿದ್ದರು. ಚಿತ್ರದಲ್ಲಿ ಜೋಡಿ ಇತ್ತು, ಅದರ ಕೆಳಗೆ ತಾನೇ ಆರಿಸಿಕೊಂಡು ಕೂತಿದ್ದ "ಬೇಡ"ವನ್ನು ಓದಿದವರಿಲ್ಲ.

ನುಜ್ಹತ್ ಮರುದಿನ ಬಂದಳು. ನೋಡಿದಳು. ತಿಂಗಳುಗಟ್ಟಲೆ ಪ್ರಯೋಗಕ್ಕೆಂದು ಅವಳು ತಂದೆಯ ಪಾದವನ್ನೇ ಅಳತೆಯಾಗಿ ಇಟ್ಟುಕೊಂಡಿದ್ದಳು: ಎಡ ಒಂಬತ್ತು, ಬಲ ಬೇಡ. ಅಂಗಡಿ ತೆರೆದ ಮೇಲೂ ಅದೇ ಮೊದಲೇ ಆರಿಸಿದಂತೆ ಉಳಿದುಬಿಟ್ಟಿತ್ತು. ಗಿರಾಕಿ ತನ್ನ ಎಡಗಾಲಿನ ಅಳತೆ ಮುಟ್ಟಿ ಬದಲಿಸುತ್ತಿದ್ದ; ಬಲದ್ದು ಅವಳಿಟ್ಟ ಹಾಗೆಯೇ ಉಳಿಯುತ್ತಿತ್ತು.

"ತೆಗೀಬೇಕು ಅಂತ ನೆನಪೇ ಆಗ್ಲಿಲ್ಲ ಅಜ್ಜಿ," ಎಂದಳು ನನ್ನ ಕಡೆ ತಿರುಗಿ. "ನಮ್ಮನೇಲಿ ಅದು ಹಾಗೇ ಅಲ್ವಾ."

ಇದೊಂದು ತಪ್ಪನ್ನು ಬೇರೆ ಯಾರೂ ಮಾಡಲಾರರು ಎಂದು ನನಗೆ ಈಗಲೂ ಅನ್ನಿಸುತ್ತದೆ. ಎರಡು ಕಾಲಿನ ಮನೆಯಲ್ಲಿ ಬೆಳೆದವರು ಮೊದಲ ನೋಟಕ್ಕೇ ಬೆಚ್ಚಿ ಸರಿಪಡಿಸುತ್ತಿದ್ದರು.

ಶಿವಲಿಂಗಪ್ಪನವರು ಬಯ್ಯಲಿಲ್ಲ, ಅದೇ ಭಯವಾಯಿತು. "ಮಾತು ಆಗೇದ. ತಗದ್ ಒಗಿ," ಎಂದರು. "ಎಲ್ಲಾರೂ ಮಾರೂ ಹಂಗ ಮಾರೂನು. ಜೋಡಾ ಅಂದ್ರ ಜೋಡಾ." ನುಜ್ಹತ್ ಹೂಂ ಎಂದು ತಲೆಯಾಡಿಸಿದಳು. ಅವಳು ಆ ಕ್ಷಣದಲ್ಲಿ "ಇಲ್ಲದಿದ್ರೆ" ಎನ್ನಲಿಲ್ಲವೆಂಬುದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಸಾಹುಕಾರರು ಚೀಟಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಗಿರಾಕಿಗಳ ಬಳಿ ತಾವೇ ತಪ್ಪಾಯಿತೆನ್ನಲು ನಮ್ಮ ಕೋಣೆಯ ಮಣೆಯ ಮೇಲೆ ಕೂತು, ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟರು. ನಿನ್ನ ಕಿವಿಗೂ ಬೀಳಲಿ ಎಂಬುದೇ ಅವರು ಕೊಟ್ಟ ಶಿಕ್ಷೆ. ಬಯ್ದವರು ಬಯ್ದರು, ನಕ್ಕವರು ನಕ್ಕರು. ಬಲಗಾಲಿನದು ನಾಳೆಯೇ ಹೊರಡುತ್ತದೆ ಎಂದು ಅವರು ಎಲ್ಲರಿಗೂ ಮಾತುಕೊಟ್ಟರು.

ಹಾಗೆ ಹೋಗುತ್ತ, ಸಿದ್ದಾಪುರದ ಆಚೆ ನಿಲ್ಕುಂದದ ರೋಹಿಣಿ ಎಂಬವರಿಗೆ ಫೋನು ತಾಗಿತು.

"ಅಕ್ಕಾರ, ತಪ್ಪ ಆಗೇದ್ರಿ. ಒಂದ ಕಾಲಿಂದು ಅಷ್ಟ ಬಂದದ. ಇನ್ನೊಂದು ನಾಳೆ ಕಳಸ್ತೀನ್ರಿ."

ಆಚೆಯಿಂದ ದನಿ ಬಂತು: "ಎಂತ ತಪ್ಪು? ನಾನು ಕೇಳಿದ್ದೇ ಬಂದಿದ್ದು. ಇನ್ನೊಂದು ಎಂತಕ್ಕೆ ಕಳಿಸ್ತ್ರಿ?"

"ಬಲಗಾಲಿಗಿ, ಅಕ್ಕಾರ."

"ಬಲಗಾಲು ಇಲ್ಲೆ," ಎಂದಿತು ಆ ದನಿ, ಮನೆಯಲ್ಲಿ ಉಪ್ಪು ಇಲ್ಲ ಎನ್ನುವಷ್ಟು ಸಹಜವಾಗಿ. "ಬೇಡ ಅಂತಲೇ ಇತ್ತಲ ಅದ್ರಲ್ಲಿ. ನೋಡಿ ಖುಷಿ ಆಗಿ ಆರ್ಡರ್ ಮಾಡ್ದೆ. ಯಾರ ಹತ್ರಾನೂ ಕೇಳಿಲ್ಲೆ. ಈಗ ಕೇಳಿ, ಎಡಗಾಲಿಂದು ಬಂದಿದ್ದು ಸರೀ ಆಗ್ತು. ಮುಂದಿನ ವರ್ಷವೂ ಬೇಕು. ಅಲ್ಲಿವರೆಗೆ ಅಂಗಡಿ ಮುಚ್ಚೂಲೆ ಹೋಗಡಿ."

ಸಾಹುಕಾರರು ಫೋನನ್ನು ಕೆಳಗಿಟ್ಟು ಬಹಳ ಹೊತ್ತು ಉಳಿದ ಚೀಟಿಗಳನ್ನು ಮಡಚುತ್ತ, ಬಿಡಿಸುತ್ತ ಕೂತರು. ಜಟ್ಟಪ್ಪ ಕತ್ತರಿಸುತ್ತಿದ್ದ ಅಟ್ಟೆಯನ್ನು ಹಾಗೇ ಹಿಡಿದಿದ್ದ. ನುಜ್ಹತ್ ಗೋಡೆಗೆ ಮುಖ ಮಾಡಿದ್ದಳು; ಖಾಕಿಯ ಬೆನ್ನು ಮಾತ್ರ ಕಾಣುತ್ತಿತ್ತು.

"ಮದಲ ಜೋಡಾ ತೋರ್ಸು," ಎಂದರು ಶಿವಲಿಂಗಪ್ಪನವರು ಕಡೆಗೆ, ಯಾರ ಕಡೆಗೂ ನೋಡದೆ. "ಬಂದಾಂವ ಮದಲ ಜೋಡಾ ನೋಡ್ಲಿ. ಅದರ ಕೆಳಗ ನಿನ್ನ ಎಡಾ ಬಲಾ ಇರ್ಲಿ. ಮತ್ತ... ಆ ಬೇಡ ಅನ್ನೂದನ್ನ ಯಾರರ ತಾವಾಗೇ ಒತ್ತಿದ್ರ ಅಷ್ಟ ಬರ್ಲಿ. ತಿಳೀತಾ?"

ಅಂದಿನಿಂದ ಅದು ಹಾಗೆಯೇ ಇದೆ. ಒಂಟಿ ಚಪ್ಪಲಿಗೆ ಗಿರಾಕಿಗಳು ಕೆಲವರೇ. ಎರಡು ಕಾಲಿಗೆ ಎರಡು ಅಳತೆ ಕೇಳುವವರು ಅವರಿಗಿಂತ ಬಹಳ ಮಂದಿ. ಬಾತ ಕಾಲಿನವರು, ಹುಟ್ಟಿನಿಂದ ಒಂದು ಪಾದ ಚಿಕ್ಕದಾದವರು, ಇಷ್ಟು ವರ್ಷ ದೊಡ್ಡ ಕಾಲಿನ ಅಳತೆಗೇ ಕೊಂಡು ಚಿಕ್ಕ ಕಾಲಿನದಕ್ಕೆ ಬಟ್ಟೆ ತುರುಕಿ ನಡೆದವರು. ತಂದೆಗೆ ಮಾತ್ರ ನುಜ್ಹತ್ ಈ ವಿಷಯ ಹೇಳಲೇ ಇಲ್ಲ. ಹೇಳಿದರೆ ಅದೂ ಮಂಚದ ಕೆಳಗೆ ಹೋಗುತ್ತದೆಂದು ಅವಳಿಗೆ ಗೊತ್ತು. ದಿನವೂ ಬಂದು ಚೀಟಿಗಳ ಮೇಲೆ ಒಮ್ಮೆ ಕಣ್ಣಾಡಿಸಿ ಕೆಲಸಕ್ಕೆ ಕೂರುತ್ತಿದ್ದಳು. ಮಳೆಗಾಲ ಕಳೆಯಿತು.

ಒಂದು ಮಧ್ಯಾಹ್ನ ಯಂತ್ರ ಕಕ್ಕಿದ ಚೀಟಿಯನ್ನು ಅವಳು ಹರಿದು ಕೈಯಲ್ಲಿ ಹಿಡಿದವಳು ಕೆಳಗಿಡಲಿಲ್ಲ. ಖಾಜಾ ಹುಸೇನ್, ಯಲ್ಲಾಪುರ. ಕಂದು. ಎಡ ಒಂಬತ್ತು, ಬಲ ಬೇಡ. ಹಳೆಯ ಲಾರಿ ಗೆಳೆಯರು ಯಾರೋ ಅವರ ಮೊಬೈಲಿಗೆ ನಮ್ಮ ಅಂಗಡಿಯನ್ನು ಕಳಿಸಿದ್ದರಂತೆ. ಜಗುಲಿಯಲ್ಲಿ ಕೂತು ನೋಡಿದ್ದಾರೆ, ತಾವೇ ಒತ್ತಿದ್ದಾರೆ. ಅದು ತಮ್ಮ ಮಗಳ ಕೈಕೆಲಸವೆಂದು ಅವರಿಗೆ ತಿಳಿದಿತ್ತೋ ಇಲ್ಲವೋ, ಇಂದಿಗೂ ಅವಳು ಕೇಳಿಲ್ಲ, ಅವರು ಹೇಳಿಲ್ಲ.

ಜಟ್ಟಪ್ಪ ಬೇರೆ ಕೆಲಸವೆಲ್ಲ ಬದಿಗಿಟ್ಟು ಹೊಲಿದ. ಒಂದು ಸುತ್ತು ಹೆಚ್ಚು ಹಾಕಲು ಹೋದಾಗ ಅವಳೇ ತಡೆದಳು: "ಎಲ್ಲರಿಗೂ ಹಾಕೋ ಅಷ್ಟೇ ಸಾಕು ಮಾಮ." ನಾನು ಪೆಟ್ಟಿಗೆ ಕಟ್ಟಿ, "ಸಂಜೆ ನೀನೇ ಒಯ್ಯಬಾರದೇನೇ? ಅದೇ ಬಸ್ಸು, ಅದೇ ಮನೆ" ಎಂದೆ.

"ಬೇಡ ಅಜ್ಜಿ. ಅದು ಅವರ ಆರ್ಡರು. ಟಪಾಲಿನವರೇ ಕೊಡ್ಲಿ."

ಹೀಗೆ ಆ ಪೆಟ್ಟಿಗೆ ಶಿರಸಿಯ ಅಂಚೆ ಕಚೇರಿಗೆ ಹೋಯಿತು. ಅವಳು ದಿನವೂ ಸಂಜೆ ಬರಿಗೈಯಲ್ಲಿ ಯಲ್ಲಾಪುರದ ಬಸ್ಸು ಹತ್ತಿ, ಮನೆಯಲ್ಲಿ ಏನೂ ತಿಳಿಯದವಳಂತೆ ಕಾದಳು.

ಕೆಲವು ದಿನಗಳ ನಂತರ, ಶನಿವಾರ, ಏರನ್ನು ಹತ್ತಿ ಬಂದವಳು ನಮ್ಮ ಪಾದಗಳಿಗೆ ಹೇಳುವಂತೆ ನಗುತ್ತಿದ್ದಳು. "ನಿನ್ನೆ ಅಬ್ಬಾ ನಮಾಜಿಗೆ ಹೋಗಿದ್ರು ಅಜ್ಜಿ. ಮಸೀದಿ ಬಾಗಿಲಲ್ಲಿ ಎಲ್ಲರದೂ ಜೋಡಿ, ಇವರದು ಒಂದೇ. ಅಮ್ಮಿ ಕಳುವಾದೀತು ಅಂತ ಹೆದರಿದ್ರೆ, 'ಕದಿಯೋನಿಗೂ ನನ್ನಂಗೆ ಒಂದೇ ಕಾಲಿರಬೇಕು, ಅಂಥೋನಿಗೆ ಬೇಕಾದ್ರೆ ಒಯ್ಯಲಿ' ಅಂದ್ರಂತೆ." ಮಂಚದ ಕೆಳಗಿನ ಸಾಲು ಏನಾಯಿತು ಎಂದು ನಾನು ಕೇಳಿದೆ. ಅದು ಅಲ್ಲೇ ಇದೆಯಂತೆ. ರಹಿಮತ್ಬಿ ಶುಕ್ರವಾರ ಅದನ್ನು ಒರೆಸುವುದನ್ನು ಬಿಟ್ಟಿಲ್ಲವಂತೆ.

ಈ ಬಗೆಯ ಜನ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಊಟಕ್ಕೆ ಎಲೆ ಹಾಕುವಾಗ ಬಂದವರನ್ನು ಎಣಿಸಿ, ಬಾರದವನನ್ನೂ ಎಣಿಸಿ, ಒಂದು ಎಲೆ ಮಗುಚಿ ಇಡುವವರು. ಅವರಿಂದ ಕೆಲಸ ತಡವಾಗುತ್ತದೆ. ಜೊತೆಗೆ ನಡೆಯುವವರಿಗೆ ಬೇಸರ ಬರುತ್ತದೆ. ಒಮ್ಮೊಮ್ಮೆ ಊರಿಗೆಲ್ಲ ಎಡಗಾಲೇ ಹೋಗಿಬಿಡುವ ಅನಾಹುತವೂ ಆಗುತ್ತದೆ. ಲೋಕ ಅವರನ್ನು ಕಂಡು, ಕಾಲಿಗೇನೋ ಊನವಿದೆ ಎಂದು ಮರುಗಿ ದಾರಿ ಬಿಡುತ್ತದೆ. ಅವರು ಮಾತ್ರ ಎರಡು ಹೆಜ್ಜೆಗೊಮ್ಮೆ ನಿಂತು ನಿಂತು ಹೋಗುತ್ತಿರುತ್ತಾರೆ. ಆದ್ದರಿಂದಲೇ ಹಿಂದೆ ಬರುತ್ತಿರುವವರಿಗೆ, ಸ್ವಲ್ಪ ತಡೆಯಿರಿ ಎಂದು ಕೂಗಿ ಕೇಳುವ ಪ್ರಮೇಯ ಬರುವುದಿಲ್ಲ.